ಉತ್ತರದ ಚಳಿನಾಡಿನಲ್ಲಿ ನಮ್ಮವರ ಬಾಳು

ಪರದೇಶವಾಸದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹೋದವರು ಕಳುಹಿಸುವ ಚಿತ್ರಗಳನ್ನು ಕಂಡ ಕಿರಿಯರು ಅದನ್ನು ಸ್ವರ್ಗವೆಂದು ಕೊಂಡಾಡುತ್ತಾರೆ. ಹಿರಿಯರಾದರೋ, ‘ಅಷ್ಟು ಚಳಿಯಲ್ಲಿ ಮನುಷ್ಯ ಬದುಕುವುದುಂಟೆ?’ ಎಂದು ತಲೆಯಾಡಿಸುತ್ತಾರೆ. ಇವೆರಡೂ ದೂರದಲ್ಲಿ ನಿಂತು ಆಡಿದ ಮಾತುಗಳು. ಅಂಥ ನಾಡಿನಲ್ಲಿ ಹೊರಗಿನಿಂದ ಹೋದವನ ದಿನ ಹೇಗೆ ಸಾಗುತ್ತದೆ, ಅವನಿಗೆ ನಿಜವಾಗಿ ಕಷ್ಟವಾಗುವುದು ಯಾವುದು ಎಂಬುದನ್ನು ಫಿನ್‌ಲೆಂಡ್ ದೇಶದ ಉದಾಹರಣೆಯಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾನು ಆ ದೇಶವನ್ನು ಕಂಡವನಲ್ಲ. ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ, ಅಲ್ಲಿಯ ಔಲು ಎಂಬ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅತ್ತಿಗೆ ಮತ್ತು ಐದು ವರ್ಷದ ಮಗಳು ಜೊತೆಯಲ್ಲಿದ್ದಾರೆ. ಅವರು ಭಾನುವಾರಗಳಲ್ಲಿ ಫೋನಿನಲ್ಲಿ ಹೇಳಿದ್ದು, ಓದಿ ತಿಳಿದದ್ದು, ಇವೇ ನನ್ನ ಆಧಾರ. ಅಲ್ಲದೆ ಈ ವಿಚಾರ ನನಗೆ ಬರಿಯ ಕುತೂಹಲದ್ದೂ ಅಲ್ಲ. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮುಂದಿನ ಓದಿಗೆ ನನ್ನನ್ನೂ ಅಲ್ಲಿಗೇ ಕಳುಹಿಸಬೇಕೆಂದೂ, ಅದಕ್ಕಾಗಿ ಅರಸೀಕೆರೆಯ ಕಡೆ ನಮಗಿರುವ ತೆಂಗಿನ ತೋಟವನ್ನು ಅಡವಿಡಬಹುದೆಂದೂ ತಂದೆಯವರು ಮಾತನಾಡುತ್ತಿದ್ದಾರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ನಡೆಯುವ ಪದವಿ ವ್ಯಾಸಂಗಗಳಿಗೆ ಫಿನ್‌ಲೆಂಡ್ 2017ರಿಂದ ಶುಲ್ಕ ವಿಧಿಸುತ್ತಿದೆ. ತೋಟ ಹೋಗುವುದಾದರೆ ಯಾತಕ್ಕಾಗಿ ಹೋಗುತ್ತದೆಂದು ತಿಳಿಯಬೇಡವೆ?

ಮೊದಲು ನಾಡಿನ ಪರಿಚಯ. ಫಿನ್‌ಲೆಂಡಿನ ವಿಸ್ತೀರ್ಣ ಸುಮಾರು 3.38 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಒಂದೂಮುಕ್ಕಾಲು ಪಾಲು. ಜನಸಂಖ್ಯೆ ಮಾತ್ರ ಸುಮಾರು 56 ಲಕ್ಷ. 1917ರ ಡಿಸೆಂಬರ್ 6ರಂದು ಅದು ರಷ್ಯದಿಂದ ಸ್ವತಂತ್ರವಾಯಿತು. ಔಲು ಪಟ್ಟಣ ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರದ ದಂಡೆಯ ಮೇಲಿದೆ. ಚಳಿಗಾಲದಲ್ಲಿ ಆ ಸಮುದ್ರವೇ ಹೆಪ್ಪುಗಟ್ಟುತ್ತದೆ. ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಅಪರೂಪವಲ್ಲ.

ಇಷ್ಟು ಕೇಳಿದೊಡನೆ ನಾವು ನಡುಗುತ್ತೇವೆ. ಆದರೆ ಅಲ್ಲಿ ಮನೆಯೊಳಗೆ ನಡುಗುವವರಿಲ್ಲ. ಕಿಟಕಿಗಳಿಗೆ ಒಂದರ ಹಿಂದೊಂದು ಮೂರು ಪದರ ಗಾಜು. ಪಟ್ಟಣದ ಒಂದೆಡೆ ಕಾಯಿಸಿದ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಹರಿಸಿ, ಅದರ ಶಾಖದಿಂದ ಸಾವಿರಾರು ಮನೆಗಳನ್ನು ಬೆಚ್ಚಗಿಡುತ್ತಾರೆ. ಹೊರಗೆ ಎಷ್ಟೇ ಹಿಮವಿರಲಿ, ಒಳಗೆ ಸುಮಾರು 21 ಡಿಗ್ರಿ. ಮಾಘಮಾಸದ ಬೆಳಗ್ಗೆ ನಮ್ಮ ಹೆಂಚಿನ ಮನೆಯಲ್ಲಿ ಕಂಬಳಿ ಹೊದ್ದು ಕುಳಿತಾಗಿನ ಚಳಿ ತನಗೆ ಅಲ್ಲಿ ಮನೆಯೊಳಗೆ ಎಂದೂ ಆಗಿಲ್ಲವೆಂದು ಅಣ್ಣ ಹೇಳುತ್ತಾನೆ. ಹೊರಗೆ ಹೋಗುವಾಗ ಒಂದು ದಪ್ಪ ಅಂಗಿಗಿಂತ ಮೂರು ಪದರ ಬಟ್ಟೆ ಲೇಸು. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ಹತ್ತಿ ಬೆವರನ್ನು ಹೀರಿ ತಣ್ಣಗಾಗುತ್ತದೆ. ಉಣ್ಣೆಯಾದರೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಬೆಳಗ್ಗೆ ಮೋಟಾರು ಗಾಡಿ ಹೊರಡಿಸುವ ಮೊದಲು, ನಿಲ್ಲಿಸಿದ ಜಾಗದಲ್ಲಿಯೇ ಇರುವ ವಿದ್ಯುತ್ ಕಂಬಕ್ಕೆ ತಂತಿ ಜೋಡಿಸಿ ಎಂಜಿನನ್ನು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ದಾರಿಯ ಹಿಮವನ್ನು ಯಂತ್ರಗಳು ಬಳಿಯುತ್ತವೆ. ಜಾರದಂತೆ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಜನರು ಆ ಹಿಮದಲ್ಲಿಯೇ ಸೈಕಲ್ ಹೊಡೆಯುತ್ತಾರೆ. ಶಿಶುವಿಹಾರದ ಮಕ್ಕಳನ್ನು ಚಳಿಯಲ್ಲಿಯೂ ದಿನಾಲೂ ಹೊರಗೆ ಆಡಲು ಬಿಡುತ್ತಾರೆ. ಒಟ್ಟಿನಲ್ಲಿ ಚಳಿಯೆಂಬುದು ಅಲ್ಲಿ ಒಬ್ಬೊಬ್ಬನ ಪಾಡಲ್ಲ; ಇಡೀ ಸಮಾಜ ಕೂಡಿ ಹೊತ್ತ ಹೊರೆ. ಹೊಸಬನಿಗೂ ಅದರ ಲಾಭ ತಾನಾಗಿ ದೊರೆಯುತ್ತದೆ.

ಕತ್ತಲೆಯ ಮಾತು ಹಾಗಲ್ಲ. ಡಿಸೆಂಬರಿನಲ್ಲಿ ಔಲುವಿನ ಅತಿ ಚಿಕ್ಕ ಹಗಲು ಸುಮಾರು ಮೂರೂವರೆ ಗಂಟೆಯದು. ಅಣ್ಣ ಕೆಲಸಕ್ಕೆ ಹೋಗುವುದೂ ಕತ್ತಲೆಯಲ್ಲಿ, ಬರುವುದೂ ಕತ್ತಲೆಯಲ್ಲಿ. ದೇಶದ ಉತ್ತರ ತುದಿಯಲ್ಲಿ ಹಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಕತ್ತಲಲ್ಲಿ ನಡೆದು ಹೋಗುವವರು ಬೆಳಕನ್ನು ಪ್ರತಿಫಲಿಸುವ ಬಿಲ್ಲೆಯನ್ನು ಉಡುಪಿಗೆ ತೂಗುಹಾಕಿಕೊಳ್ಳಬೇಕೆಂದು ಅಲ್ಲಿ ಕಾನೂನೇ ಇದೆ. ಚರ್ಮಕ್ಕೆ ಬಿಸಿಲು ತಾಗದೆ ಡಿ ಜೀವಸತ್ವದ ಕೊರತೆಯಾಗುತ್ತದೆ. ಕಪ್ಪು ಮೈಬಣ್ಣದವರಾದ ನಮಗೆ ಅದು ಇನ್ನೂ ಬೇಗ. ಅದಕ್ಕಾಗಿ ಹಾಲಿಗೆ ಆ ಸತ್ವವನ್ನು ಬೆರೆಸುತ್ತಾರೆ, ಮಾತ್ರೆಗಳೂ ಉಂಟು. ಆದರೆ ಮನಸ್ಸಿಗೆ ಕವಿಯುವ ಮಂಕಿಗೆ ಮಾತ್ರೆ ಸಾಲದು. ಅತ್ತಿಗೆ ಮೊದಲ ವರ್ಷ ನವೆಂಬರಿನಿಂದ ಫೆಬ್ರವರಿಯವರೆಗೆ ಬಹಳ ಸೊರಗಿದ್ದರು. ಜೂನಿನಲ್ಲಿ ಇದಕ್ಕೆ ತದ್ವಿರುದ್ಧ: ಸೂರ್ಯ ಮುಳುಗಿದ ಹಾಗೆ ಮಾಡಿ ಮತ್ತೆ ಏಳುತ್ತಾನೆ. ಕಿಟಕಿಗೆ ದಪ್ಪ ಪರದೆ ಎಳೆದರೂ, ‘ಇನ್ನೂ ಹಗಲಿದೆಯಲ್ಲಮ್ಮ’ ಎಂದು ಮಗು ಮಲಗಲೊಲ್ಲದು.

ಮೂರನೆಯದು ಮೌನ. ಅಲ್ಲಿಯ ಜನ ಒರಟರಲ್ಲ, ಮಿತಭಾಷಿಗಳು. ಬಸ್ಸಿನಲ್ಲಿ ಪಕ್ಕದವನ ಊರು, ಮನೆ, ಮಕ್ಕಳು ಎಂದು ವಿಚಾರಿಸುವ ನಮ್ಮ ಪದ್ಧತಿ ಅಲ್ಲಿಲ್ಲ. ಅವರು ಮನಸ್ಸು ಬಿಚ್ಚುವ ಸ್ಥಳವೊಂದುಂಟು. ಅದು ಸೌನಾ ಎಂಬ ಬಿಸಿಹಬೆಯ ಕೋಣೆ. 56 ಲಕ್ಷ ಜನರಿರುವ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ ಎಂದು ಅಂದಾಜು. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನೆರೆಮನೆಯವರೊಡನೆ ಅಣ್ಣನ ಸ್ನೇಹ ಬೆಳೆದದ್ದು ಅಲ್ಲಿಯೇ. ಅಲ್ಲಿಯೂ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆ ಕಾರಣ ಭಾಷೆ.

ನನ್ನ ದೃಷ್ಟಿಯಲ್ಲಿ ಪರದೇಶವಾಸಿಯ ನಿಜವಾದ ಚಳಿಗಾಲ ಇದೇ. ಕಂಪ್ಯೂಟರ್ ಕೆಲಸದವನಿಗೆ ಇಂಗ್ಲಿಷಿನಿಂದ ದಿನ ಸಾಗುತ್ತದೆ. ಆದರೆ ಶಾಲೆ, ಆಸ್ಪತ್ರೆ, ಅಂಗಡಿ, ಕಛೇರಿಗಳಲ್ಲಿ ಕೆಲಸ ಬೇಕಾದರೆ ಸಾಮಾನ್ಯವಾಗಿ ಫಿನ್ನಿಷ್ ಬರಬೇಕು. ಅತ್ತಿಗೆ ನಮ್ಮ ತಾಲ್ಲೂಕಿನಲ್ಲಿ ಐದು ವರ್ಷ ಪ್ರೌಢಶಾಲೆಯ ಅಧ್ಯಾಪಿಕೆಯಾಗಿದ್ದವರು. ಅಲ್ಲಿ ಅವರು ಈಗ ಬೆಂಚಿನ ಮೇಲೆ ಕುಳಿತು ಅಕ್ಷರ ತಿದ್ದುವ ವಿದ್ಯಾರ್ಥಿನಿ! ಕಾನೂನುಗಳೂ ಬಿಗಿಯಾಗಿವೆ. 2024ರ ಅಕ್ಟೋಬರ್ 1ರಿಂದ ಪೌರತ್ವಕ್ಕೆ ಐದು ವರ್ಷದ ಬದಲು ಸಾಮಾನ್ಯವಾಗಿ ಎಂಟು ವರ್ಷದ ವಾಸ ಬೇಕು; ಭಾಷಾಜ್ಞಾನವಂತೂ ಬೇಕೇ ಬೇಕು. ಕೆಲಸದ ಪರವಾನಗಿಯ ಮೇಲೆ ಇರುವವರು ಕೆಲಸ ಕಳೆದುಕೊಂಡರೆ ಮೂರು ತಿಂಗಳೊಳಗೆ, ಪರಿಣತರಾದರೆ ಅಥವಾ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಾದರೆ ಆರು ತಿಂಗಳೊಳಗೆ, ಬೇರೆ ಕೆಲಸ ಹುಡುಕಿಕೊಳ್ಳಬೇಕೆಂಬ ನಿಯಮ 2025ರ ಜೂನ್ 11ರಂದು ಜಾರಿಗೆ ಬಂದಿದೆ. ಆ ಕೆಲವು ತಿಂಗಳಲ್ಲಿ ಭಾಷೆ ಬಲ್ಲವನಿಗೆ ಹತ್ತು ಬಾಗಿಲು, ಬಾರದವನಿಗೆ ಒಂದೆರಡೇ.

ಇಲ್ಲಿ ನಮಗೊಂದು ಸಮಾಧಾನದ ಸಂಗತಿಯಿದೆ. ಫಿನ್ನಿಷ್ ಭಾಷೆ ಕಲಿಯಲು ಕಷ್ಟವೆಂದು ಪ್ರಸಿದ್ಧ. ಅದರಲ್ಲಿ 15 ವಿಭಕ್ತಿಗಳಿವೆ. ಆದರೆ ಕನ್ನಡಿಗರಿಗೆ ಅದರ ರೀತಿ ತೀರ ಅಪರಿಚಿತವಲ್ಲ. ‘ತಲೊ’ ಎಂದರೆ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ, ‘ತಲೋನ್’ ಮನೆಯೊಳಕ್ಕೆ. ನಮ್ಮಂತೆಯೇ ಪ್ರತ್ಯಯ ಶಬ್ದದ ಹಿಂದೆ ಬಂದು ಅಂಟುತ್ತದೆ. ಪುಸ್ತಕವಿದೆ ಎನ್ನಲು ಅವರೂ ‘ನನ್ನಲ್ಲಿ ಇದೆ ಪುಸ್ತಕ’ ಎಂಬ ಧಾಟಿಯಲ್ಲಿಯೇ ಹೇಳುತ್ತಾರೆ. ನಮ್ಮಲ್ಲಿ ಬಳೆ-ಬಾಳೆ, ಕತೆ-ಕತ್ತೆ ಬೇರೆಯಾಗುವಂತೆ ಅವರಲ್ಲಿಯೂ ‘ಸಿಕ’ ಎಂದರೆ ಹಂದಿ, ‘ಸೀಕ’ ಎಂದರೆ ಒಂದು ಮೀನು. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತರು ಇಂಥ ಹೋಲಿಕೆಗಳಿಂದ ಈ ಎರಡು ಬಳಗಗಳಿಗೆ ನಂಟಿದೆಯೆಂದೇ ಊಹಿಸಿದ್ದರು. ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ಹೋಲಿಕೆ ಹೋಲಿಕೆಯೇ. ವಿಭಕ್ತಿಯ ಅಭ್ಯಾಸವಿರುವ ಕಿವಿಗೆ ಅದು ನೆರವಾಗುತ್ತದೆಂದು ಅತ್ತಿಗೆ ಹೇಳುತ್ತಾರೆ.

ಮಗುವಿಗಂತೂ ವ್ಯಾಕರಣದ ಹಂಗಿಲ್ಲ. ಅಲ್ಲಿಯ ಮಾತಿನಲ್ಲಿ ಮನೆಗೆ ‘ಕೊತಿ’ ಎಂಬ ಇನ್ನೊಂದು ಹೆಸರುಂಟು. ಒಮ್ಮೆ ಆಕೆ ಫೋನಿನಲ್ಲಿ, ‘ಅಜ್ಜಿ, ನಮ್ಮ ಕೊತಿ ಬೆಚ್ಚಗಿದೆ’ ಎಂದಳು. ನಮ್ಮ ದೊಡ್ಡಮ್ಮ ಗಾಬರಿಯಾಗಿ, ‘ಅಯ್ಯೋ, ಅಷ್ಟು ಚಳಿಯಲ್ಲಿ ಕೋತಿ ಯಾಕೆ ಸಾಕಿದ್ದೀರೇ?’ ಎಂದರು. ಎಲ್ಲರೂ ನಕ್ಕೆವು. ಆದರೆ ಮೊಮ್ಮಗಳ ಬಾಯಲ್ಲಿ ‘ಮನೆ’ ಎಂಬ ಮಾತೇ ಬೇರೆಯಾಗುತ್ತಿದೆಯೆಂದು ದೊಡ್ಡಮ್ಮ ಆಮೇಲೆ ಸುಮ್ಮನಾದದ್ದನ್ನೂ ನಾನು ಕಂಡೆ. ಪರದೇಶವಾಸದ ಲೆಕ್ಕದಲ್ಲಿ ಈ ಬಾಬನ್ನೂ ಬರೆಯಬೇಕು. ಅಂದಿನಿಂದ ಅತ್ತಿಗೆ ದಿನವೂ ಮಲಗುವ ಮುಂಚೆ ಮಗುವಿಗೆ ಕನ್ನಡದಲ್ಲಿ ಒಂದು ಕತೆ ಹೇಳುತ್ತಾರೆ.

ಇದರಿಂದ ನಾನು ತಲುಪಿದ ತೀರ್ಮಾನವಿಷ್ಟು. ಚಳಿಗೆ ಬಟ್ಟೆಯುಂಟು, ಕತ್ತಲೆಗೆ ದೀಪವುಂಟು. ಅವೆರಡನ್ನೂ ಹಣ ಕೊಟ್ಟು ಕೊಳ್ಳಬಹುದು. ಭಾಷೆಯನ್ನು ಮಾತ್ರ ಕೊಳ್ಳಲಾಗದು, ದುಡಿದೇ ಗಳಿಸಬೇಕು. ಆದುದರಿಂದ, ಮೊದಲು ಇಲ್ಲಿಯೇ ಒಂದು ವರ್ಷ ಉದ್ಯೋಗಮಾಡುತ್ತ ಆ ಭಾಷೆಯನ್ನು ಅಭ್ಯಾಸಮಾಡುತ್ತೇನೆ, ಅಲ್ಲಿಯವರೆಗೆ ತೋಟದ ಪತ್ರ ಪೆಟ್ಟಿಗೆಯಲ್ಲಿಯೇ ಇರಲಿ ಎಂದು ತಂದೆಯವರಲ್ಲಿ ಬಿನ್ನವಿಸಿದ್ದೇನೆ. ಅವರು ಇನ್ನೂ ಉತ್ತರ ಹೇಳಿಲ್ಲ. ಹೊರನಾಡಿನ ಕನಸು ಕಾಣುವ ನನ್ನ ಸಹಪಾಠಿಗಳಿಗೂ ನನ್ನ ಅರಿಕೆ ಇದೇ: ಹೋಗುವ ನಾಡಿನ ಚಳಿ ಎಷ್ಟು ಡಿಗ್ರಿ ಎಂದು ಕೇಳುವ ಮೊದಲು, ಅಲ್ಲಿಯ ಅಂಗಡಿಯಲ್ಲಿ ಉಪ್ಪು ಕೇಳಲು ಯಾವ ಮಾತು ಬೇಕೆಂದು ಕೇಳಿರಿ. ಆ ಒಂದು ಮಾತಿನಿಂದ ಕಲಿಕೆ ಮೊದಲಾಗಲಿ.