ಜ್ವರ ಐದನೇ ದಿನಕ್ಕೆ ಬಂತೇ? ಮೈ ಪೂರ್ತಿ ಹುಡುಕಿ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಹುಲ್ಲು ಮೊಳಕಾಲುದ್ದ ಎದ್ದಿರುತ್ತದೆ. ಬದುವಿನ ಪೊದೆ, ಒಟ್ಟಿಟ್ಟ ಗರಿ, ಸಿಪ್ಪೆಯ ರಾಶಿಯಲ್ಲಿ ಇಲಿಗಳು ನೆಲೆ ಮಾಡಿಕೊಳ್ಳುತ್ತವೆ. ಇಂಥ ಕಡೆ ಇಲಿಗಳ ಆಶ್ರಯದಲ್ಲಿ ಬೆಳೆಯುವ ಒಂದು ಜಾತಿಯ ನುಸಿಯ ಮರಿ ಮನುಷ್ಯರನ್ನು ಕಚ್ಚಿದರೆ ಸ್ಕ್ರಬ್ ಟೈಫಸ್ ಜ್ವರ ಬರಬಹುದು. ತೆಂಗಿನಕಾಯಿಗೆ ಬೀಳುವ ನುಸಿ ಬೇರೆ, ಇದು ಬೇರೆ. ಟೈಫಾಯಿಡ್ ಕೂಡ ಬೇರೆಯೇ ಕಾಯಿಲೆ.

ಓರಿಯೆಂಟಿಯಾ ಸುತ್ಸುಗಾಮುಶಿ ಎಂಬ ಇದರ ರೋಗಾಣು ರಕ್ತನಾಳದ ಒಳಪದರದ ಜೀವಕೋಶಗಳಿಗೇ ನುಗ್ಗಿ ಬೆಳೆಯುತ್ತದೆ. ಮಿದುಳಿನ ರಕ್ತನಾಳಗಳಲ್ಲಿ ಈ ಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡು, ರಕ್ತದಲ್ಲಿರುವ ಬೇಡದ್ದೆಲ್ಲ ಒಳಹೋಗದಂತೆ ತಡೆಯುತ್ತವೆ. ಸೋಂಕಿನಿಂದ ಆ ತಡೆ ಸಡಿಲವಾಗಿ ನಾಳಗಳು ಊದಿಕೊಂಡು ಸೋರತೊಡಗಿದಾಗ ವಿಪರೀತ ತಲೆನೋವು, ಮಂಪರು, ಫಿಟ್ಸ್ ಕಾಣಿಸುತ್ತವೆ. ಶ್ವಾಸಕೋಶ, ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಸರಿಯಾದ ಮಾತ್ರೆ ಬೇಗ ಸಿಕ್ಕರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುವ ಜ್ವರ ಇದು. ತಡ ಮಾಡಿ ಜೀವ ಕಳೆದುಕೊಳ್ಳುವುದು ಅದಕ್ಕೇ ಹೆಚ್ಚು ನೋವಿನ ಸಂಗತಿ.

ಮೊದಲು, ಜ್ವರ ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನುಸಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಜ್ವರ ಬರುವುದು ಆರರಿಂದ ಇಪ್ಪತ್ತೊಂದು ದಿನ ಬಿಟ್ಟು.

ಆಮೇಲೆ ಒಳ್ಳೆಯ ಬೆಳಕಿನಲ್ಲಿ ಮೈ ನೋಡಬೇಕು. ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಕ್ಕಳೆ, ಸುತ್ತ ಕೆಂಪು ಅಂಚು, ನೋವಿಲ್ಲ, ತುರಿಕೆಯೂ ಇಲ್ಲ: ಅದೇ ಗುರುತು. ಕಂಕುಳು, ತೊಡೆಸಂದು, ಸೊಂಟದಲ್ಲಿ ಉಡುದಾರ ಕೂರುವ ಜಾಗ, ಸ್ತನದ ಕೆಳಗೆ, ಮೊಣಕಾಲಿನ ಹಿಂದೆ ಅಡಗಿರುತ್ತದೆ. ಹೆಣ್ಣುಮಕ್ಕಳು ನಾಚಿಕೆಯಿಂದ ತೋರಿಸದೆ ಉಳಿಯುವುದುಂಟು. ಅಮ್ಮನೋ ಅಕ್ಕನೋ ನೋಡಲಿ. ಕಪ್ಪು ಮೈಬಣ್ಣದಲ್ಲಿ ಗುರುತು ಸುಲಭಕ್ಕೆ ಕಾಣದು, ಕೆಲವರಲ್ಲಿ ಇರುವುದೂ ಇಲ್ಲ. ಆದ್ದರಿಂದ ಕಲೆ ಸಿಗಲಿಲ್ಲವೆಂದು ನಿಶ್ಚಿಂತರಾಗಬೇಡಿ.

ವೈದ್ಯರ ಬಳಿ 'ತೋಟದಲ್ಲಿ ಕಳೆ ಕಿತ್ತಿದ್ದೆ, ಹುಲ್ಲು ಕೊಯ್ದಿದ್ದೆ' ಎಂದು ನೀವಾಗಿಯೇ ಹೇಳಿ. ಈ ಒಂದು ಮಾತು ಅನೇಕ ಸಲ ದಾರಿ ತೋರಿಸುತ್ತದೆ. ಐಜಿಎಂ ಎಲೈಸಾ ರಕ್ತಪರೀಕ್ಷೆ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಕೊಡುತ್ತಾರೆ. ಗರ್ಭಿಣಿಯಾಗಿದ್ದರೆ ಮರೆಯದೆ ತಿಳಿಸಿ. ಅಂಗಡಿಯಿಂದ ಯಾವುದೋ ಆ್ಯಂಟಿಬಯಾಟಿಕ್ ತಂದು ನುಂಗುವುದು ಬೇಡ: ಪೆನಿಸಿಲಿನ್ ಗುಂಪಿನ ಔಷಧಗಳಿಗೆ ಈ ರೋಗಾಣು ಬಗ್ಗುವುದಿಲ್ಲ.

ಮಾತು ತಡವರಿಸುವುದು, ಮನೆಯವರ ಗುರುತು ಸಿಗದಿರುವುದು, ಕುತ್ತಿಗೆ ಬಿಗಿತ, ಫಿಟ್ಸ್, ಏದುಸಿರು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಭಾರತದ ಏಳು ಆಸ್ಪತ್ರೆಗಳಲ್ಲಿ ತೀವ್ರ ಸ್ವರೂಪದ ಸ್ಕ್ರಬ್ ಟೈಫಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಾಕ್ಸಿಸೈಕ್ಲಿನ್, ಅಜಿಥ್ರೋಮೈಸಿನ್ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟಾಗ ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಗುಣ ಕಂಡಿತು. ಅದು ಮನೆಯಲ್ಲಿ ಆಗುವ ಚಿಕಿತ್ಸೆಯಲ್ಲ.

ಇದಕ್ಕೆ ಲಸಿಕೆ ಇಲ್ಲ. ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ದಣಿವಾದಾಗ ಬರಿ ಹುಲ್ಲಿನ ಮೇಲೆ ಕೂರಬೇಡಿ, ಗೋಣಿಚೀಲ ಹಾಸಿಕೊಳ್ಳಿ. ಅಂಗಿ ಕಳಚಿ ಪೊದೆಯ ಮೇಲೆ ಹಾಕಬೇಡಿ. ಮನೆಗೆ ಬಂದೊಡನೆ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮನೆಯ ಸುತ್ತಲ ಪೊದೆ ಸವರಿ, ಗರಿ ಸಿಪ್ಪೆಗಳ ರಾಶಿಯನ್ನು ಅಂಗಳದಿಂದ ದೂರವಿಡಿ. ಒಮ್ಮೆ ಬಂದು ವಾಸಿಯಾದವರಿಗೂ ಇದು ಮತ್ತೆ ಬರಬಹುದು.