ಕಚ್ಚಾದಾರಿಯಲ್ಲಿ ಹೊಸ ಸವಾರರು

ಪ್ರಶ್ನೆ: ಬೈಲಹೊಂಗಲದ ನಾವು ಗೆಳೆಯರು ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಚ್ಚಾದಾರಿಗಳಲ್ಲಿ ಬೈಕ್ ಓಡಿಸುತ್ತೇವೆ. ಇಬ್ಬರು ಹೊಸಬರು ಸದಾ ಹಿಂದುಳಿಯುತ್ತಾರೆ. ಮೊನ್ನೆ ಒಬ್ಬ ಬಿದ್ದ. ಅವರನ್ನು ಕೈಬಿಡಬೇಕೆ?

ಉತ್ತರ: ಕೈಬಿಡುವುದು ಅನಾವಶ್ಯಕ. ಒಂದೇ ದಿನದಲ್ಲಿ ಎಲ್ಲ ಊರುಗಳನ್ನೂ ಮುಟ್ಟುವ ಸಂಕಲ್ಪವಿದ್ದರೆ ಅದನ್ನು ತ್ಯಜಿಸಿ, ನವಿಲುತೀರ್ಥದ ಜಲಾಶಯದ ಬಳಿ ಕೂಡುವುದೆಂದು ನಿಶ್ಚಯಿಸಿಕೊಂಡು, ನುರಿತವರು ಗುಡ್ಡದ ದಾರಿಯಲ್ಲಿಯೂ ಹೊಸಬರು ಅನುಭವಿಯೊಬ್ಬನೊಡನೆ ಡಾಂಬರು ರಸ್ತೆಯಲ್ಲಿಯೂ ಬರುವುದು ಒಂದು ಮಾರ್ಗ. ಒಟ್ಟಾಗಿಯೇ ಸಾಗುವುದಾದರೆ (ನನ್ನ ಮನಸ್ಸು ಇದರ ಕಡೆಗೇ), ದಾರಿ ಬಲ್ಲವನು ಮುಂದೆ, ಅವನ ಬೆನ್ನಿಗೇ ಹೊಸಬರು, ಪಂಕ್ಚರ್ ಸಾಮಗ್ರಿಯನ್ನೂ ಪ್ರಥಮಚಿಕಿತ್ಸೆಯ ಪೆಟ್ಟಿಗೆಯನ್ನೂ ಹೊತ್ತವನು ಕಟ್ಟಕಡೆಗೆ ಇರತಕ್ಕದ್ದು. ಪ್ರತಿ ಕವಲಿನಲ್ಲಿಯೂ ನುರಿತವನೊಬ್ಬನು ನಿಂತು, ಕೊನೆಯವನು ಬಂದು ಮುಟ್ಟುವ ತನಕ ಕದಲಕೂಡದು. ವೇಗವನ್ನು ನಿರ್ಣಯಿಸುವವರು ಹೊಸಬರೇ.

ಮಳೆಯಾದ ಮೇಲೆ ಇಲ್ಲಿಯ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದುಬಿಡುವುದರಿಂದ, ನೆಲ ಆರುವವರೆಗೆ ಹೊಲದ ದಾರಿ ನುರಿತವರಿಗೂ ಸಲ್ಲದು.

ಬಿದ್ದ ಗೆಳೆಯನಿಗೆ ತಲೆನೋವು, ವಾಂತಿ, ಮಂಕು ಅಥವಾ ಕೈಕಾಲು ಜೋಮು ಇದ್ದಲ್ಲಿ ಇಂದೇ ವೈದ್ಯರಿಗೆ ತೋರಿಸಿರಿ. ಮುಂದೆ ಯಾರಾದರೂ ಬಿದ್ದು ಕುತ್ತಿಗೆ ನೋವೆಂದರೆ, ಉಸಿರಾಟ ಸರಿಯಿರುವಷ್ಟು ಕಾಲ ಹೆಲ್ಮೆಟ್ ಕಳಚದೆ, ದೇಹವನ್ನು ಅಲುಗಿಸದೆ, 108ಕ್ಕೆ ಕರೆಮಾಡಿರಿ.