ಫ್ಯೂಸಿಗೆ ದಪ್ಪ ತಂತಿ ಏಕೆ ಸಲ್ಲದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮಳೆ ಕಡಮೆಯಾದ ಸೀಮೆ. ಇಲ್ಲಿ ಕೊಳವೆಬಾವಿಯ ಪಂಪು ನಿಂತರೆ ಬೆಳೆ ಬಾಡುತ್ತದೆ. ಆದುದರಿಂದ ಫ್ಯೂಸ್ ಹೋದೊಡನೆ, “ದಪ್ಪ ತಂತಿ ಕಟ್ಟಿಬಿಡಿ, ಮತ್ತೆ ಹೋಗುವುದಿಲ್ಲ” ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ಮನೆಯಲ್ಲಿಯೂ ಇದೇ ಉಪಾಯ. ಮಾತೇನೋ ನಿಜ, ಅಪಾಯವಿರುವುದೂ ಅಲ್ಲಿಯೇ. ಲೆಕ್ಕಹಾಕಿ ನೋಡೋಣ.

ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆಂದು ಜೂಲ್ 1841ರಲ್ಲಿ ಪ್ರಕಟಿಸಿದನು. ವ್ಯಾಸ 4 ಪಟ್ಟಾದರೆ ಅಡ್ಡಕೊಯ್ತದ ವಿಸ್ತೀರ್ಣ 16 ಪಟ್ಟಾಗುತ್ತದೆ. ರೋಧವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಷ್ಣವನ್ನು ಹೊರಚೆಲ್ಲುವ ಮೈಯಾದರೋ 4 ಪಟ್ಟಾಗುತ್ತದೆ. ಆದ್ದರಿಂದ ಅದೇ ತಾಪಕ್ಕೇರಲು ಪ್ರವಾಹದ ವರ್ಗ 64 ಪಟ್ಟು, ಎಂದರೆ ಪ್ರವಾಹ 8 ಪಟ್ಟು ಆಗಬೇಕು. 0.2 ಮಿಲಿಮೀಟರಿನ ತಾಮ್ರದ ತಂತಿ ಸುಮಾರು 7 ಆಂಪೇರಿಗೆ ಕರಗಿದರೆ, 0.8 ಮಿಲಿಮೀಟರಿನದು ಸುಮಾರು 56 ಆಂಪೇರಿನವರೆಗೂ ಕರಗದು.

ಅಷ್ಟರಲ್ಲಿ ಗೋಡೆಯೊಳಗಿನ ತಂತಿಯ ಗತಿಯೇನು? 10 ಆಂಪೇರಿಗೆ ತಕ್ಕ ತಂತಿಯಲ್ಲಿ 50 ಆಂಪೇರ್ ಹರಿದರೆ ಉಷ್ಣವು 25 ಪಟ್ಟು! ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಸಿಕ್ಕಿಕೊಂಡು ನಿಂತ ಪಂಪಿನಲ್ಲಿ ಮೋಟಾರಿನ ಸುರುಳಿಯೇ ಸುಟ್ಟುಹೋಗುತ್ತದೆ.

ಫ್ಯೂಸ್ ಹೋಗುವುದು ಕೇಡಲ್ಲ, ಎಚ್ಚರಿಕೆ. ಮೈನ್ ಸ್ವಿಚ್ಚನ್ನು ಆರಿಸಿ, ಬಲ್ಲವರಿಂದ ಕಾರಣವನ್ನು ಹುಡುಕಿಸಿ, ನಿಯಮಿತ ದಪ್ಪದ ಫ್ಯೂಸ್ ತಂತಿಯನ್ನೇ ಹಾಕಿಸಬೇಕು. ಆಗಲೂ ಒಂದನ್ನು ಮರೆಯಬಾರದು: ಮನುಷ್ಯನ ಪ್ರಾಣ ಹೋಗಲು ಆಂಪೇರಿನ ಹತ್ತನೆಯ ಒಂದು ಪಾಲು ಸಾಕು, ಅಷ್ಟಕ್ಕೆ ಮನೆಯ ಯಾವ ಫ್ಯೂಸೂ ಕರಗದು.